ಉಣ್ಣೆ ಎಂದು ಸಹಿ ಮಾಡಿದವನು

ಇದೆಲ್ಲ ಶುರುವಾದದ್ದು ಫ್ಯಾಕ್ಟರಿ ಇನ್ಸ್‌ಪೆಕ್ಟರರು ನಮ್ಮ ಭೇಟಿ ಪುಸ್ತಕದಲ್ಲಿ ಬರೆದುಹೋದ ಒಂದು ಸಾಲಿನಿಂದ. ಸಿಲಿಂಡರುಗಳಿವೆ, ಮರಳಿನ ಬಕೆಟ್ಟುಗಳಿವೆ, ಆದರೆ ಮೈಗೆ ಬೆಂಕಿ ಹತ್ತಿದವರನ್ನು ಸುತ್ತಲು ಉಣ್ಣೆಯ ಹೊದಿಕೆ ಎಲ್ಲಿಯೂ ಇಲ್ಲ. ಹದಿನೈದು ದಿನಗಳೊಳಗೆ ಪ್ರತಿ ಫೈರ್ ಪಾಯಿಂಟಿನಲ್ಲಿ ಒಂದೊಂದು ಇಡತಕ್ಕದ್ದು. ತೊಂಬತ್ತರ ದಶಕದ ಮೊದಲ ವರ್ಷಗಳು. ಡೊಂಬಿವಲಿ ಎಂಐಡಿಸಿಯಲ್ಲಿ, ಬಣ್ಣಗಳಿಗೆ ಬೇಕಾಗುವ ರಾಸಾಯನಿಕ ತಯಾರಿಸುವ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್‌ಕೀಪರ್ ಆಗಿದ್ದೆ. ಇನ್ಸ್‌ಪೆಕ್ಟರರ ಸಾಲು ನನ್ನ ಮೇಜಿಗೆ ಬಂತು. ಉಡುಪಿ ಕಡೆಯವನಾದ ನನಗೆ ಉಣ್ಣೆಯೆಂದರೆ ಗೊತ್ತಿದ್ದದ್ದು ಮದುವೆಯಲ್ಲಿ ಮಾವ ಹೊಲಿಸಿಕೊಟ್ಟ ಸೂಟು ಒಂದೇ. ಅದನ್ನು ಹಾಕುವಷ್ಟು ಚಳಿ ನಾವಿದ್ದ ಠಾಕುರ್ಲಿಯಲ್ಲಿ ಒಮ್ಮೆಯೂ ಬೀಳಲಿಲ್ಲ.

ಆ ಕಾಗದ ಹಿಡಿದು ಸ್ಟೋರಿನ ಕಿಟಕಿಯಲ್ಲಿ ಕೂತಿದ್ದಾಗ ಹೊರಗಿನ ಕಟ್ಟೆಯ ಮೇಲೆ ಮುಕಾದಮ ಕಾಕಾ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದರು. ಲಾರಿಯಿಂದ ಮೂಟೆ ಇಳಿಸುವ ಹದಿನಾಲ್ಕು ಜನರ ಟೋಳಿಗೆ ಅವರು ಮುಂದಾಳು. ಬಿಜಾಪುರ ಜಿಲ್ಲೆಯವರು, ಹಾಲುಮತದವರು, ಐವತ್ತು ದಾಟಿದವರು. ಹೆಗಲ ಮೇಲೆ ಯಾವಾಗಲೂ ನಾಲ್ಕು ಮಡಿಕೆಯ ಕರಿ ಕಂಬಳಿ. ಪೀಪಾಯಿಯ ಅಂಚು, ಮೂಟೆಯ ಹೊಲಿಗೆ ಬೆನ್ನಿಗೆ ಕೊರೆಯಬಾರದೆಂದು.

"ಅದಕ್ಕ ಯಾಕ ಇಷ್ಟ ಚಿಂತಿ ಮಾಡತೀರಿ ಸಾಹೇಬ್ರ?" ಎಂದರು. "ನಮ್ಮ ಕಡೆ ದನದ ಕೊಟ್ಟಿಗಿಗೆ ಬೆಂಕಿ ಬಿದ್ರ ಕಂಬಳಿ ನೀರಾಗ ಅದ್ದಿ ಹೊತ್ತಗೊಂಡ ಒಳಗ ಹೋಗತಾರ. ಹಗ್ಗ ಕೊಯ್ದು ದನ ಹೊರಗ ಹೊಡಕೊಂಡ ಬರತಾರ. ಕುರಿ ಕೂದಲಕ್ಕ ಬೆಂಕಿ ಲಗೂ ಹತ್ತೂದಿಲ್ರಿ."

ನಾನು ನಂಬಲಿಲ್ಲ. ನಂಬದಿರುವುದೇ ಸ್ಟೋರಿನವನ ಕೆಲಸ. ಮರುದಿನ ಊಟದ ಹೊತ್ತಿಗೆ ಕಾಂಪೌಂಡಿನ ಹೊರಗೆ, ಹಿಂದಿನ ಬಯಲಿನಲ್ಲಿ ಪರೀಕ್ಷೆ ಇಟ್ಟೆವು. ಹಳೆಯ ಯೂನಿಫಾರ್ಮಿಗೆ ಹುಲ್ಲು ತುಂಬಿ ಒಂದು ಬೊಂಬೆ ಮಾಡಿ, ಎದೆಯ ಮೇಲೆ ಪೆಟ್ರೋಲಿನಂತೆ ಹೊತ್ತಿಕೊಳ್ಳುವ ಟಾಲ್ವಿನ್ ಅರ್ಧ ಮಗ್ಗು ಸುರಿದು ಬೆಂಕಿ ಕೊಟ್ಟೆವು. ಕಡ್ಡಿ ಗೀರಿದವನು ಮೂರನೇ ವೆಸೆಲ್ಲಿನ, ಎಂದರೆ ರಾಸಾಯನಿಕ ಬೆರೆಸುವ ಆಳೆತ್ತರದ ಪಾತ್ರೆಯ, ಆಪರೇಟರ್. ರಾಯಚೂರು ಕಡೆಯವನು, ಠಾಕುರ್ಲಿಯಲ್ಲಿ ನಮ್ಮ ಪಕ್ಕದ ಚಾಳಿನಲ್ಲೇ ಹೆಂಡತಿ, ಮಗಳೊಡನೆ ಇದ್ದ. ಬೆಳಿಗ್ಗೆ ನಾವಿಬ್ಬರೂ ಒಂದೇ ಲೋಕಲ್ಲಿನಲ್ಲಿ ಒಂದು ಸ್ಟೇಷನ್ ದೂರದ ಡೊಂಬಿವಲಿಗೆ ಬರುತ್ತಿದ್ದೆವು. ನನ್ನನ್ನು ಅಣ್ಣಾ ಅನ್ನುತ್ತಿದ್ದ.

ಜ್ವಾಲೆ ಆಳೆತ್ತರ ಎದ್ದ ಮೇಲೆ ಕಾಕಾ ಹೆಗಲ ಕಂಬಳಿಯನ್ನು ಬಿಡಿಸಿ, ಎರಡು ಮೂಲೆ ಹಿಡಿದು, ಕಾಲಿನ ಕಡೆಯಿಂದ ತಲೆಯ ಕಡೆಗೆ ಎಳೆದು ಮುಚ್ಚಿದರು. ಹೊಗೆ ಬಂತು, ಕೂದಲು ಸುಟ್ಟ ವಾಸನೆ ಬಂತು, ಅಷ್ಟೇ. ಹತ್ತು ಎಣಿಸಿ ತೆಗೆದಾಗ ಬೆಂಕಿ ಇರಲಿಲ್ಲ. ಕಂಬಳಿಯ ಒಳಮೈ ಅಲ್ಲಲ್ಲಿ ಕಂದಿತ್ತು. ಕಾಕಾ ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರಿತು, ಕೆಳಗೆ ಒಳ್ಳೆಯ ನೂಲು ಹಾಗೆಯೇ ಇತ್ತು.

"ನಮ್ಮವ್ವ ನೂತ ನೂಲ್ರಿ ಇದು," ಎಂದರು. "ಇಪ್ಪತ್ತು ವರ್ಷ ಆತು."

ಆ ವಾರವೇ ಅವರು ಊರಿಗೆ ಹೋಗಿ ಹನ್ನೆರಡು ಕಂಬಳಿ ತಂದರು. ಬೆಳಿಗ್ಗೆ ಕಲ್ಯಾಣ ಸ್ಟೇಷನ್ನಿನಲ್ಲಿ ನಾನೇ ಹೋಗಿ ಇಳಿಸಿಕೊಂಡೆ. ಸ್ವೀಕೃತಿ ಪತ್ರದಲ್ಲಿ ವಸ್ತುವಿನ ವಿವರ ಬರೆಯಬೇಕಾಗಿದ್ದರಿಂದ ಕಂಬಳಿಯ ಬಗ್ಗೆ ಅವರನ್ನು ಕೂರಿಸಿಕೊಂಡು ಕೇಳಿದೆ. ಅವರು ಹೇಳುತ್ತಾ ಹೋದರು. ವರ್ಷಕ್ಕೆ ಎರಡು ಸಲ ಕುರಿಯನ್ನು ತೊಳೆದು ಕೂದಲು ಕತ್ತರಿಸುತ್ತಾರೆ. ಬಿಲ್ಲಿನ ಹೆದೆಯಿಂದ ಹಿಂಜುತ್ತಾರೆ. ಹೆಂಗಸರು ನೂಲುತ್ತಾರೆ, ಗಂಡಸರು ಗುಂಡಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ನೇಯುತ್ತಾರೆ. ಹುಣಸೆ ಬೀಜ ಹುರಿದು ಬೀಸಿ ಗಂಜಿ ಕಾಯಿಸಿ ಹಾಸಿನ ನೂಲಿಗೆ ಹಚ್ಚುತ್ತಾರೆ; ಅದರಿಂದಲೇ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುವುದು, ಮಳೆ ನೀರು ಮೇಲಿನಿಂದಲೇ ಜಾರಿ ಹೋಗುವುದು. ಬಣ್ಣ ಹಾಕುವುದಿಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ.

"ಬಾದಶಾಹಿ ಕಾಲದಾಗ ಕುದರಿ ಜೀನದ ಕೆಳಗ ನಮ್ಮವರ ಕಂಬಳಿನ ಹಾಕತಿದ್ರಂತ, ನಮ್ಮಜ್ಜ ಹೇಳತಿದ್ದ," ಎಂದರು ಕಾಕಾ. "ದಂಡು ಹೋದಲ್ಲೆಲ್ಲ ಕಂಬಳಿ ಹೋಗತಿತ್ತು. ಆಮ್ಯಾಲೆ ಮಿಲ್ಲಿನ ಬ್ಲಾಂಕೀಟು ಬಂದ್ವು, ನಮ್ಮವು ಕುರಿಯವರ ಹೆಗಲಿಗೆ ಉಳದ್ವು. ಮಳಿಗೆ ಕೊಪ್ಪಿ ಅದ, ಮಲಗಾಕ ಹಾಸಿಗಿ ಅದ. ಈಗಷ್ಟ ಹುಟ್ಟಿದ ಮರಿ ಹೊತ್ತಗೊಂಡ ಬರಾಕ ಜೋಳಿಗಿ ಅದ. ಮದಿವ್ಯಾಗ ಮದುಮಕ್ಕಳು ಕೂಡೂದು ಕಂಬಳಿ ಮ್ಯಾಲ. ದೇವರ ಗದ್ದಿಗಿನೂ ಕಂಬಳಿನ."

ನಾನು ಇದರಲ್ಲಿ ಒಂದು ಸಾಲನ್ನು ಮಾತ್ರ ಬರೆದುಕೊಂಡೆ. 'ಶುದ್ಧ ಕುರಿ ಉಣ್ಣೆ, ಕೈಮಗ್ಗ, ಬಣ್ಣ ಹಾಕದ್ದು.' ಹನ್ನೆರಡು ಫೈರ್ ಪಾಯಿಂಟಿನಲ್ಲಿ ಹನ್ನೆರಡು ಕಂಬಳಿ ತೂಗುಬಿದ್ದವು. ಮುಂದೆ ಮೂರು ವರ್ಷಗಳಲ್ಲಿ ಎರಡು ಸಲ ಅವು ಬಳಕೆಗೆ ಬಂದವು, ಎರಡೂ ಸಲ ಸಣ್ಣ ಬೆಂಕಿ. ಒಬ್ಬ ಫಿಟ್ಟರನ ತೋಳು, ಒಬ್ಬ ಹೆಲ್ಪರನ ಪ್ಯಾಂಟು. ಇಬ್ಬರೂ ವಾರದಲ್ಲಿ ಕೆಲಸಕ್ಕೆ ಬಂದರು.

ನಾಲ್ಕನೇ ವರ್ಷ ಕಾರ್ಖಾನೆಗೆ ಐಎಸ್‌ಒ ಸರ್ಟಿಫಿಕೇಟು ಬೇಕೆನಿಸಿತು. ಹೊರದೇಶದ ಗಿರಾಕಿಗಳು ಕೇಳುತ್ತಿದ್ದರು. ಗೋಡೆಗಳಿಗೆ ಬಣ್ಣ ಬಂತು, ಪೈಪುಗಳಿಗೆ ಬಾಣದ ಗುರುತು ಬಂತು, ಎಲ್ಲ ಕಾಗದಕ್ಕೂ ನಂಬರು ಬಂತು. ಹೊಸದಾಗಿ ಬಂದಿದ್ದ ಪರ್ಚೇಸ್ ಸಾಹೇಬರು ಒಂದು ಸುತ್ತು ಹಾಕಿ ನನ್ನ ಕಿಟಕಿಯ ಮುಂದೆ ನಿಂತರು.

"ಏ ಘೋಂಗಡೀ ಕಾಯ್ಕೂ ಲಟಕಾಯೀ ಹೈ ಸಬ್ ಜಗಹ್? ತಬೇಲಾ ಹೈ ಕ್ಯಾ?"

ಘೋಂಗಡಿ ಎಂದರೆ ಮರಾಠಿಯಲ್ಲಿ ಕಂಬಳಿ. ದನದ ಕೊಟ್ಟಿಗೆಯ ಹಾಗೆ ಕಾಣುತ್ತದೆ ಎಂಬುದು ಅವರ ಆಕ್ಷೇಪ. ಇನ್ಸ್‌ಪೆಕ್ಟರರ ಸಾಲು ತೋರಿಸಿದೆ, ನಮ್ಮ ಪರೀಕ್ಷೆಯ ಕತೆ ಹೇಳಿದೆ. ಅವರು ತಲೆಯಾಡಿಸಿದರು. ತಿಂಗಳೊಳಗೆ ಕಲ್ಯಾಣದ ಒಬ್ಬ ಡೀಲರನಿಂದ ಹನ್ನೆರಡು ಕೆಂಪು ಹೊದಿಕೆಗಳು ಬಂದವು. ಒಂದೊಂದೂ ಚೀಲದೊಳಗೆ, ಚೀಲದ ಮೇಲೆ ಇಂಗ್ಲಿಷಿನಲ್ಲಿ ದಪ್ಪ ಅಕ್ಷರ. ಒಳಗೆ ಚೀಟಿ: ನೂರಕ್ಕೆ ನೂರು ಉಣ್ಣೆ. ಜೊತೆಗೆ ಡೀಲರನ ಸರ್ಟಿಫಿಕೇಟು.

ಟೆಂಪೋದಿಂದ ಇಳಿಸಿದವರು ಕಾಕಾ ಅವರೇ. ಒಂದನ್ನು ಚೀಲದಿಂದ ಎಳೆದು ಬೆರಳುಗಳ ನಡುವೆ ಉಜ್ಜಿ ನೋಡಿದರು. ಆಮೇಲೆ ಅಂಚಿನಿಂದ ಒಂದೆಳೆ ಕಿತ್ತು ಜೇಬಿಗೆ ಹಾಕಿಕೊಂಡು, "ಬರ್ರಿ ಸಾಹೇಬ್ರ, ಗೇಟಿನ ಹೊರಗ," ಎಂದರು. ಒಳಗೆ ಕಡ್ಡಿಪೆಟ್ಟಿಗೆ ತರುವ ಹಾಗಿರಲಿಲ್ಲ. ಚಹಾದ ಗಾಡಿಯ ಹಿಂದೆ ನಿಂತು, ಹೆಗಲ ಕಂಬಳಿಯಿಂದಲೂ ಒಂದೆಳೆ ಕಿತ್ತು, ಮೊದಲು ಅದಕ್ಕೆ ಕಡ್ಡಿ ಹಿಡಿದರು. ಎಳೆ ಬೆಂಕಿಯಿಂದ ಹಿಂದಕ್ಕೆ ಸರಿದ ಹಾಗೆ ಸುರುಟಿತು. ಕಡ್ಡಿ ತೆಗೆದೊಡನೆ ಆರಿತು. ತುದಿಯ ಕರಿ ಬೂದಿ ಬೆರಳಿಗೆ ಸಿಕ್ಕಿ ಪುಡಿಯಾಯಿತು.

ಕೆಂಪು ಎಳೆ ಬೇರೆ ಥರ ಉರಿಯಿತು. ಕಡ್ಡಿ ತೆಗೆದ ಮೇಲೂ ಉರಿಯುತ್ತಲೇ ಇತ್ತು. ಉರಿಯುತ್ತಾ ಕರಗಿತು, ಕರಗಿ ತೊಟ್ಟಿಕ್ಕಿತು. ಕಾಕಾ ಬೀಳಿಸಿದ ಹನಿ ನನ್ನ ಚಪ್ಪಲಿಯ ಅಂಚಿಗೆ ಬಿದ್ದು ಅಲ್ಲೇ ಅಂಟಿತು. ಆರಿದ ಮೇಲೆ ಮಣಿಯಷ್ಟು ಗಟ್ಟಿ.

"ಇದು ಕುರಿದಲ್ರಿ," ಎಂದರು ಕಾಕಾ. "ಯಾವದಾರ ಪ್ಲಾಸ್ಟಿಕ್."

ಪರ್ಚೇಸ್ ಸಾಹೇಬರಲ್ಲಿಗೆ ಹೋದೆ. ಎಳೆ ಸುಟ್ಟು ನೋಡಿದ್ದನ್ನು ಹೇಳಿದೆ. ಅವರು ಸಿಟ್ಟಾಗಲಿಲ್ಲ. ಡೀಲರನ ಸರ್ಟಿಫಿಕೇಟನ್ನು ನನ್ನ ಕಡೆ ತಿರುಗಿಸಿ, ನೀವು ಲ್ಯಾಬೋರೇಟರಿಯೋ, ಆ ಹಮಾಲ ಲ್ಯಾಬೋರೇಟರಿಯೋ, ಎಂದು ಕೇಳಿದರು. ಆಡಿಟ್ ಸೋಮವಾರ ಇದೆ, ಸ್ವೀಕೃತಿ ಇಲ್ಲದ ಸಾಮಾನು ಗೋಡೆಯ ಮೇಲಿದ್ದರೆ ಅದು ನಿಮ್ಮ ತಪ್ಪೆಂದು ಬರೆದುಕೊಳ್ಳುತ್ತಾರೆ, ಎಂದರು. ಮತ್ತೆ, ಸ್ಟೋರಿಗೆ ಕಂಪ್ಯೂಟರು ಬರುತ್ತಿದೆ, ಇಷ್ಟು ಜನ ಬೇಕಾಗುವುದಿಲ್ಲ ಎಂದು ಮಾತಿನ ನಡುವೆ ಹೇಳಿದರು.

ನಾನು ಸಹಿ ಮಾಡಿದೆ. 'ಶುದ್ಧ ಉಣ್ಣೆ. ಪರೀಕ್ಷಿಸಿ ಸ್ವೀಕರಿಸಲಾಗಿದೆ.' ಆ ಎರಡು ವಾಕ್ಯಗಳ ಕೆಳಗೆ ನನ್ನ ಹೆಸರು, ತಾರೀಕು. ದಿನಕ್ಕೆ ಅಂಥ ಮೂವತ್ತು ಸಹಿ ಮಾಡುತ್ತಿದ್ದೆ.

ಕಂಬಳಿಗಳನ್ನು ಏನು ಮಾಡುವುದೆಂದು ಕೇಳಿದ್ದಕ್ಕೆ, ಯಂತ್ರ ಒರೆಸಲು ಬಟ್ಟೆ ಹೇಗೂ ಬೇಕಲ್ಲ ಎಂದರು. ಹನ್ನೆರಡನ್ನೂ ಸ್ಟೋರಿನ ದೊಡ್ಡ ಕತ್ತರಿಯಿಂದ ಒಂದೊಂದು ಮೊಳದ ತುಂಡು ಮಾಡಿದೆ. ಕತ್ತರಿ ಸುಲಭವಾಗಿ ಹೋಗುತ್ತಿರಲಿಲ್ಲ, ಮಧ್ಯಾಹ್ನವೆಲ್ಲ ಹಿಡಿಯಿತು. ಕಾಕಾ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಆಡಿಟರು ಬಂದು ಕೆಂಪು ಚೀಲಗಳನ್ನು ಎಣಿಸಿ, ಪೂರ್ತಿ ಅಂಕ ಕೊಟ್ಟು ಹೋದರು.

ಮಳೆಗಾಲ ಮುಗಿದ ಮೇಲಿನ ಒಂದು ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ದಾಟಿತ್ತು. ಮೂರನೇ ವೆಸೆಲ್ಲಿನಲ್ಲಿ ಟಾಲ್ವಿನ್ ತುಂಬಿ, ಮೇಲಿನ ಬಾಯಿಯಿಂದ ಪುಡಿ ಸುರಿಯುತ್ತಿದ್ದರು. ಒಣ ಪುಡಿ ಪ್ಲಾಸ್ಟಿಕ್ ಚೀಲದಿಂದ ಜಾರುವಾಗ ಕಿಡಿ ಹುಟ್ಟುತ್ತದೆ. ಅದು ನೆಲಕ್ಕೆ ಇಳಿದುಹೋಗಲೆಂದೇ ತಾಮ್ರದ ತಂತಿ ಕಟ್ಟಬೇಕು. ಆ ದಿನ ತಂತಿ ಕಟ್ಟಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಸ್ಟೋರಿನ ಕಿಟಕಿಯಿಂದ ನನಗೆ ಕೇಳಿಸಿದ್ದು ಒಂದು ದೊಡ್ಡ ನಿಟ್ಟುಸಿರಿನಂಥ ಸದ್ದು. ತಲೆ ಎತ್ತಿದಾಗ ಆಪರೇಟರ್ ಮೆಟ್ಟಿಲು ಇಳಿದು ಓಡಿ ಬರುತ್ತಿದ್ದ. ಎದೆಯಿಂದ ಸೊಂಟದವರೆಗೆ ಬೆಂಕಿ.

ಇಬ್ಬರು ಹೆಲ್ಪರುಗಳು ಕಲಿಸಿಕೊಟ್ಟದ್ದನ್ನೇ ಮಾಡಿದರು. ಅವನನ್ನು ಕೆಡವಿದರು, ಕೆಂಪು ಚೀಲ ಹರಿದರು, ಹೊದಿಕೆಯನ್ನು ಬಿಗಿಯಾಗಿ ಸುತ್ತಿದರು. ಎರಡು ಮೂರು ಕ್ಷಣ ಹೊಗೆ ಮಾತ್ರ ಇತ್ತು. ಆಮೇಲೆ ಹೊದಿಕೆಯೇ ಹೊತ್ತಿಕೊಂಡಿತು. ಮೊದಲಿನ ಬೆಂಕಿ ಮೇಲಕ್ಕೆ ಎದ್ದಿತ್ತು, ಇದು ಕರಗಿ ತೊಟ್ಟಿಕ್ಕುತ್ತಿತ್ತು, ಮೇಲಿಂದ ಕರಿ ಹೊಗೆ. ಹೆಲ್ಪರುಗಳು ಹೊದಿಕೆಯನ್ನು ಕಿತ್ತುಹಾಕಲು ನೋಡಿದರು. ಅದು ಬರಲಿಲ್ಲ, ಅವರ ಕೈಗಳಿಗೇ ಅಂಟಿಕೊಂಡಿತು. ಅವನು ಕೂಗುತ್ತಿದ್ದ. ನಾನು ಕಿಟಕಿಯ ಕಂಬಿ ಹಿಡಿದು ನಿಂತಿದ್ದೆ.

ಸೋಡಾ ಪುಡಿಯ ಲಾರಿಯ ಹತ್ತಿರದಿಂದ ಕಾಕಾ ಬೆನ್ನ ಮೇಲಿನ ಮೂಟೆಯನ್ನು ಹಾಗೆಯೇ ಕೆಡವಿ ಓಡಿದರು. ಹೆಗಲ ಕಂಬಳಿ ಬಿಡಿಸಿ, ಅವನ ಕಾಲಿನ ಕಡೆಯಿಂದ ಎಳೆದು ಮುಚ್ಚಿ, ಅದರ ಮೇಲೆ ತಾವೇ ಬೋರಲು ಬಿದ್ದರು. ಬೆಂಕಿ ಆರಿತು. ಕೂಗು ಆರಲಿಲ್ಲ.

ಡೊಂಬಿವಲಿಯ ಆಸ್ಪತ್ರೆಯವರು ಮುಟ್ಟಲಿಲ್ಲ, ಮುಂಬಯಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅವನ ಹೆಂಡತಿಗೆ ಹಿಂದಿ ಅಷ್ಟಾಗಿ ಬರುತ್ತಿರಲಿಲ್ಲವಾದ್ದರಿಂದ ಮೊದಲ ಎರಡು ದಿನ ನಾನು ಜೊತೆಗಿದ್ದೆ. ಡ್ರೆಸ್ಸಿಂಗ್ ಬದಲಿಸಲು ಬಂದ ನರ್ಸು ಹೊರಗೆ ಬಂದು ನನ್ನನ್ನು ಕೇಳಿದಳು, ಇವನ ಮೈಗೆ ಏನು ಸುತ್ತಿದ್ದಿರಿ ಎಂದು. ಬಟ್ಟೆ ಸುಟ್ಟರೆ ಉದುರುತ್ತದೆ, ಇದು ಚರ್ಮದೊಡನೆ ಒಂದಾಗಿದೆ, ಬಿಡಿಸಿದರೆ ಚರ್ಮವೂ ಬರುತ್ತಿದೆ. ಅವಳ ಕೈಯ ತಟ್ಟೆಯಲ್ಲಿ ಕೆಂಪು ಚೂರುಗಳಿದ್ದವು. ಆಪರೇಟರನ ಮಗಳು, ಎಂಟನೇ ಕ್ಲಾಸಿನವಳು, ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು.

ಅವನಿಗೆ ಎಚ್ಚರವಿತ್ತು. ಎರಡನೇ ದಿನ ನನ್ನನ್ನು ಗುರುತಿಸಿ, "ಅಣ್ಣಾ, ಬ್ಲಾಂಕೆಟ್ ತೆಗಸಣ್ಣಾ," ಎಂದ. ಮೈಮೇಲೆ ಬ್ಲಾಂಕೆಟ್ ಇರಲಿಲ್ಲ. "ತೆಗೆಸ್ತೇನೆ," ಎಂದೆ.

ಕಾರ್ಖಾನೆಯಲ್ಲಿ ಬೇರೆ ಕೆಲಸ ನಡೆದಿತ್ತು. ಸೋಮವಾರ ಸಂಜೆಯೇ ಉಳಿದ ಹನ್ನೊಂದು ಕೆಂಪು ಹೊದಿಕೆಗಳನ್ನು ಇಳಿಸಿ, ಕಲ್ಯಾಣದ ಪೇಟೆಯಿಂದ ನಿಜವಾದ ಉಣ್ಣೆಯವನ್ನು ತಂದು ಅದೇ ಚೀಲಗಳಲ್ಲಿ ತುಂಬಿದ್ದರು. ಮಂಗಳವಾರ ಬಂದ ಇನ್ಸ್‌ಪೆಕ್ಟರರಿಗೆ ಅವನ್ನೂ, ನನ್ನ ಸಹಿಯ ಸ್ವೀಕೃತಿ ಪತ್ರವನ್ನೂ ತೋರಿಸಿದರು. ಹಾಗಾದರೆ ಅವನ ಮೈ ಇಷ್ಟು ಸುಟ್ಟದ್ದು ಹೇಗೆ? ಅದಕ್ಕೂ ಉತ್ತರ ಸಿದ್ಧವಿತ್ತು. ಗುತ್ತಿಗೆಯ ಒಬ್ಬ ಹಮಾಲ, ಯಾರೂ ಹೇಳದೆ, ಎಣ್ಣೆ ಜಿಡ್ಡು ಹಿಡಿದ ತನ್ನ ಕೊಳಕು ಘೋಂಗಡಿಯನ್ನು ಮೇಲೆ ಎಸೆದ, ಅದು ಹೊತ್ತಿಕೊಂಡಿತು. ಆಪರೇಟರನೂ ತಂತಿ ಕಟ್ಟದೆ ಕೆಲಸ ಮಾಡುತ್ತಿದ್ದ. ತನಿಖೆ ಮುಗಿಯುವವರೆಗೆ ಕಾಕಾ ಅವರ ಟೋಳಿಗೆ ಗೇಟಿನಲ್ಲಿ ಪ್ರವೇಶವಿಲ್ಲ.

ಶುಕ್ರವಾರ ಪರ್ಚೇಸ್ ಸಾಹೇಬರು ನನ್ನನ್ನು ಕರೆಸಿದರು. ಇನ್ಸ್‌ಪೆಕ್ಟರರು ಆ ಘೋಂಗಡಿಯನ್ನು ಕೇಳಿದ್ದಾರೆ, ಅದು ಸುಟ್ಟುಹೋಯಿತು ಎಂದು ಹೇಳಿದ್ದೇವೆ, ಆದರೆ ಅದು ಆ ಮುದುಕನ ಹತ್ತಿರ ಇದೆ ಎಂದರು.

"ತುಮ್ ಲೇಕೆ ಆವೋ. ತುಮ್ಹಾರಾ ಗಾಂವವಾಲಾ ಹೈ ನಾ."

ನಿನ್ನ ಊರಿನವನಲ್ಲವೇ, ನೀನೇ ಹೋಗಿ ತಾ ಎಂದರು. ಬಿಜಾಪುರಕ್ಕೂ ನನ್ನೂರಿಗೂ ಒಂದಿಡೀ ರಾಜ್ಯದ ಉದ್ದ ಅಂತರ. ಅವರಿಗೆ ಅದು ಒಂದೇ ಊರು. ನಾನು ತಿದ್ದಲಿಲ್ಲ.

ಶನಿವಾರ ಮಧ್ಯಾಹ್ನ ಆಪರೇಟರ್ ತೀರಿಕೊಂಡ. ಸಂಜೆಗೇ ದಹನವಾಯಿತು. ಹೆಣವನ್ನು ಬಿಚ್ಚಿ ತೋರಿಸಲಿಲ್ಲ.

ಭಾನುವಾರ ಹನ್ನೆರಡು ಗಂಟೆಗೆ ಎಂಐಡಿಸಿಯ ನೀರಿನ ಪೈಪ್‌ಲೈನಿನ ಪಕ್ಕದ ಜೋಪಡಿಗೆ ಹೋದೆ. ಕಾಕಾ ಅವರ ಎರಡೂ ಅಂಗೈಗೆ ಪಟ್ಟಿ ಸುತ್ತಿತ್ತು. ಟೋಳಿಯ ನಾಲ್ಕೈದು ಜನ ಹೊರಗೆ ಕೂತಿದ್ದರು. ಆರು ದಿನದಿಂದ ಕೆಲಸವಿಲ್ಲ. ನಾನು ಬಂದ ಕೆಲಸ ಹೇಳಿದೆ.

"ಗೊತ್ತಿತ್ರಿ, ಯಾರರ ಬರತಾರ ಅಂತ," ಎಂದರು. "ಅವಂಗ ಹ್ಯಾಂಗಾತು ಕಡೀಕ?"

"ನಿನ್ನೆ ಹೋದ, ಕಾಕಾ."

ಅವರು ಪಟ್ಟಿಯ ಕೈಗಳನ್ನು ನೋಡಿಕೊಂಡರು. ಆಮೇಲೆ ಒಳಗೆ ಹೋಗಿ ಗೋಣಿಚೀಲವೊಂದನ್ನು ಮೊಣಕೈಗಳ ನಡುವೆ ಹಿಡಿದು ತಂದು ನನ್ನ ಮುಂದೆ ಇಟ್ಟರು.

"ತೊಳದಿಲ್ರಿ. ಹಂಗ ಅದ. ಒಯ್ದ ಕೊಡ್ರಿ ಅವರಿಗೆ. ಆದ್ರ ಒಂದ ಮಾತ ಹೇಳ್ರಿ. ನಾಳಿಂದ ನನ್ನ ಹದಿನಾಕ ಮಂದಿನ ಒಳಗ ಬಿಡಬೇಕು. ನನ್ನ ಬಿಡೂದ ಬ್ಯಾಡ. ಮಂದಿನ ಬಿಟ್ರ ಸಾಕು. ಅಷ್ಟ ಮಾಡ್ರಿ, ಕಂಬಳಿ ಸುಟ್ಟ ಹಾಕ್ರಿ, ಏನರ ಮಾಡ್ರಿ."

"ಹೇಳ್ತೇನೆ," ಎಂದೆ.

ಮನೆಗೆ ತಂದು, ಹೆಂಡತಿ ಇಲ್ಲದ ಹೊತ್ತಿನಲ್ಲಿ ನೆಲದ ಮೇಲೆ ಬಿಡಿಸಿದೆ. ಹೊರಮೈ ಪೂರ್ತಿ ಸರಿಯಾಗಿತ್ತು. ಒಳಮೈಯಲ್ಲಿ, ನಡುವೆ, ಒಬ್ಬ ಮನುಷ್ಯನ ಎದೆ ಹೊಟ್ಟೆಯಷ್ಟು ಅಗಲಕ್ಕೆ ಕೆಂಪು ಕರಿ ಹೆಪ್ಪು ಗಟ್ಟಿಯಾಗಿ ಕೂತಿತ್ತು. ಒಂದು ಅಂಚನ್ನು ಚಾಕುವಿನಿಂದ ಎಬ್ಬಿಸಿದೆ. ಹೆಪ್ಪಿನ ಅಡಿಯ ಉಣ್ಣೆ ಕಂದಿತ್ತು, ಉರಿದಿರಲಿಲ್ಲ. ಹೊತ್ತಿಕೊಂಡದ್ದು ಯಾವುದು, ಆರಿಸಿದ್ದು ಯಾವುದು ಎಂದು ಯಾರು ನೋಡಿದರೂ ಹೇಳುವ ಹಾಗಿತ್ತು. ಹೆಪ್ಪಿನಲ್ಲಿ ಬಟ್ಟೆಯಲ್ಲದ್ದೂ ಅಂಟಿತ್ತು. ಅದನ್ನು ನೋಡಿದ ಮೇಲೆ ಮಡಚಿ ಚೀಲಕ್ಕೆ ಹಾಕಿದೆ.

ಸೋಮವಾರ ಬೆಳಿಗ್ಗೆ ಎಂದಿನಂತೆ ಠಾಕುರ್ಲಿ ಸ್ಟೇಷನ್ನಿಗೆ ಬಂದೆ. ಕಾರ್ಖಾನೆಗೆ ಹೋಗಲು ಡೊಂಬಿವಲಿಯ ಕಡೆಯ ಪ್ಲಾಟ್‌ಫಾರ್ಮು. ಇನ್ಸ್‌ಪೆಕ್ಟರರ ಆಫೀಸಿರುವುದು ಕಲ್ಯಾಣದಲ್ಲಿ, ಅದು ಎದುರಿನದು. ಡೊಂಬಿವಲಿಯ ಎರಡು ಗಾಡಿಗಳನ್ನು ಬಿಟ್ಟೆ. ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂದು ಈಗ ಚಂದವಾಗಿ ಬರೆಯಬಹುದು. ಆದರೆ ನಿಜ ಹೇಳಬೇಕೆಂದರೆ ನನಗೆ ಕಿವಿಯಲ್ಲಿ "ಬ್ಲಾಂಕೆಟ್ ತೆಗಸಣ್ಣಾ" ಎನ್ನುವುದನ್ನು ನಿಲ್ಲಿಸಬೇಕಾಗಿತ್ತು. ಅದಕ್ಕಿಂತ ದೊಡ್ಡ ಯೋಚನೆ ಇರಲಿಲ್ಲ. ಕಾಕಾ ಅವರ ಹದಿನಾಲ್ಕು ಮಂದಿ ನೆನಪಿಗೆ ಬರಲಿಲ್ಲವೆಂದಲ್ಲ. ಬಂತು. ಸೇತುವೆ ಹತ್ತಿ ಆಚೆ ಇಳಿದು ಕಲ್ಯಾಣದ ಗಾಡಿ ಹತ್ತಿದೆ.

ಇನ್ಸ್‌ಪೆಕ್ಟರರು ನಿಧಾನದ ಮನುಷ್ಯ. ಚೀಲ ಬಿಚ್ಚಿ, ಕನ್ನಡಕ ಏರಿಸಿ, ಹತ್ತು ನಿಮಿಷ ನೋಡಿದರು. ಹೆಪ್ಪಿನಿಂದ ಒಂದು ಚೂರು, ಕಂಬಳಿಯಿಂದ ಒಂದೆಳೆ ತೆಗೆದು ಬೂದಿಯ ತಟ್ಟೆಯಲ್ಲಿಟ್ಟು ಕಡ್ಡಿ ಗೀರಿದರು. ಒಂದು ಆರಿತು, ಇನ್ನೊಂದು ಉರಿದು ಕರಗಿತು. ಸ್ವೀಕೃತಿ ಪತ್ರದ ನಕಲನ್ನು ಫೈಲಿನಿಂದ ತೆಗೆದು ನನ್ನ ಮುಂದೆ ಇಟ್ಟರು. ಮರಾಠಿಯಲ್ಲಿ ಕೇಳಿದರು.

"ಈ ಸಹಿ?"

"ನನ್ನದು."

"ಪರೀಕ್ಷಿಸಿ ಎಂದು ಬರೆದಿದ್ದೀರಿ. ಪರೀಕ್ಷಿಸಿದ್ದಿರಾ?"

"ಹೌದು. ಸುಟ್ಟು ನೋಡಿದ್ದೆವು."

"ಆಗಲೇ ಗೊತ್ತಿತ್ತು ಹಾಗಾದರೆ."

"ಗೊತ್ತಿತ್ತು."

ಅವರು ಅದನ್ನೇ ಬರೆದರು. ಓದಿ ಹೇಳಿ, ಕೆಳಗೆ ಸಹಿ ಹಾಕಿಸಿದರು. ಕಂಬಳಿಗೆ ಅರಗಿನ ಮುದ್ರೆ ಒತ್ತಿ ಒಳಗೆ ಕಳಿಸಿದರು.

ಅಲ್ಲಿಂದ ಕಾರ್ಖಾನೆಗೆ ಬಂದೆ. ಗೇಟಿನ ಹೊರಗೆ ಟೋಳಿಯ ಹದಿನಾಲ್ಕು ಜನರೂ ನಿಂತಿದ್ದರು. ಒಳಗೆ ಬಿಡುತ್ತಾರೆ ಎಂದು ಕಾಕಾ ಹೇಳಿ ಕರೆತಂದಿದ್ದರು. ನನ್ನ ಕೈ ಖಾಲಿಯಿರುವುದನ್ನು ಅವರು ಮೊದಲು ನೋಡಿದರು.

"ಕೊಟ್ರ್ಯಾ?"

"ಕೊಟ್ಟೆ ಕಾಕಾ. ಕಲ್ಯಾಣದಲ್ಲಿ. ಇನ್ಸ್‌ಪೆಕ್ಟರರಿಗೆ."

ಅವರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

"ನಾ ಏನ ಹೇಳಿ ಕೊಟ್ಟಿದ್ದೆ ನಿಮಗ?"

"ಅವನು ಸತ್ತಿದ್ದಾನೆ ಕಾಕಾ. ನಿಮ್ಮ ಮೇಲೆ ಹಾಕ್ತಾ ಇದ್ದರು. ಸತ್ಯ ಹೇಳದೆ..."

"ನನ್ನ ಮ್ಯಾಲ ಹಾಕಿದ್ರ ನಾ ಹೊರತಿದ್ದೆ. ಹೊರೂದ ನನ್ನ ಕೆಲಸ." ದನಿ ಏರಿಸಲಿಲ್ಲ. "ಸುಳ್ಳಿಗೆ ಸಹಿ ಮಾಡೂ ಮುಂದ ನೀವು ನಮ್ಮನ್ನ ಕೇಳಲಿಲ್ಲ. ಖರೇ ಹೇಳೂ ಮುಂದನೂ ಕೇಳಲಿಲ್ಲ."

ಒಳಗಿನಿಂದ ಸೆಕ್ಯುರಿಟಿಯವನು ಬಂದು ನನ್ನ ಹೆಸರು ಕರೆದ.

ಟೋಳಿಯನ್ನು ಆ ದಿನವೇ ತೆಗೆದುಹಾಕಿದರು. ನನ್ನನ್ನು ಸಸ್ಪೆಂಡ್ ಮಾಡಿ, ಮೂರು ತಿಂಗಳ ನಂತರ ವಜಾ ಮಾಡಿದರು. ಅವರು ನನ್ನ ಹೇಳಿಕೆಯನ್ನು ಅಲ್ಲಗಳೆಯಲಿಲ್ಲ, ಉಪಯೋಗಿಸಿದರು. ಸ್ಟೋರ್‌ಕೀಪರನು ಡೀಲರನೊಡನೆ ಸೇರಿ, ನಕಲಿ ಸಾಮಾನೆಂದು ಗೊತ್ತಿದ್ದೂ, ಉಣ್ಣೆ ಎಂದು ಸ್ವೀಕರಿಸಿ ಕಂಪನಿಯನ್ನು ವಂಚಿಸಿದ್ದಾನೆ. ಗೊತ್ತಿತ್ತೆಂದು ಅವನೇ ಸರ್ಕಾರಿ ಅಧಿಕಾರಿಯ ಮುಂದೆ ಒಪ್ಪಿದ್ದಾನೆ. ಪರ್ಚೇಸ್ ಸಾಹೇಬರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಅವರು ಬಾಯಲ್ಲಿ ಹೇಳಿದ್ದರು, ನಾನು ಬರೆದಿದ್ದೆ. ಅವರಿಗೆ ಬಡ್ತಿಯಾಯಿತು.

ಒಂದು ಮಾತ್ರ ಆಯಿತು. ಆಪರೇಟರನದೇ ನಿರ್ಲಕ್ಷ್ಯ ಎಂಬ ಮಾತನ್ನು ಕಂಪನಿ ಕೈಬಿಡಬೇಕಾಯಿತು, ಅವನ ಹೆಂಡತಿಗೆ ಬರಬೇಕಾದದ್ದು ಬಂತು. ಇದನ್ನು ಹೇಳಲು ಅವರ ಚಾಳಿಗೆ ಹೋದೆ. ಹೆಂಡತಿ ನೀರು ಕೊಟ್ಟಳು. ಮಗಳು ಗೋಡೆಗೆ ಒರಗಿ ನಿಂತು ನನ್ನ ಹೇಳಿಕೆಯ ನಕಲನ್ನು ಕೊನೆಯವರೆಗೆ ಓದಿದಳು. ಮರಾಠಿ ಶಾಲೆಯ ಹುಡುಗಿ, ಅವಳಿಗೆ ಅದು ಸುಲಭ. ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಬೆಳೆದವಳಾದರೂ ಮಾತಾಡುತ್ತಿದ್ದದ್ದು ಹಿಂದಿಯಲ್ಲಿ.

"ಅಂಕಲ್, ಇಸ್ ಮೇಂ ಲಿಖಾ ಹೈ ಆಪ್ ಕೋ ಪೆಹಲೇ ಸೇ ಮಾಲೂಮ್ ಥಾ."

ನಿಮಗೆ ಮೊದಲೇ ಗೊತ್ತಿತ್ತೆಂದು ಇದರಲ್ಲಿ ಬರೆದಿದೆ, ಎಂದಳು. "ಹೌದಮ್ಮ," ಎಂದೆ.

"ಆಪ್ ರೋಜ್ ಪಪ್ಪಾ ಕೇ ಸಾಥ್ ಜಾತೇ ಥೇ," ಎಂದಳು. ದಿನಾ ಪಪ್ಪನ ಜೊತೆಯಲ್ಲಿ ಹೋಗುತ್ತಿದ್ದಿರಿ. ಕಾಗದವನ್ನು ಮಡಚಿ ನನಗೇ ವಾಪಸು ಕೊಟ್ಟು ಒಳಗೆ ಹೋದಳು. ನೀರಿನ ಲೋಟ ನನ್ನ ಕೈಯಲ್ಲೇ ಇತ್ತು. ಮುಂದಿನ ತಿಂಗಳು ನಾವು ಠಾಕುರ್ಲಿಯ ಮನೆ ಬಿಟ್ಟು ಠಾಣೆಗೆ ಬಂದೆವು. ಅಲ್ಲಿ ಊರಿನವರೊಬ್ಬರ ಹೋಟೆಲಿನ ಉಗ್ರಾಣ ನೋಡಿಕೊಳ್ಳುವ ಕೆಲಸ ಸಿಕ್ಕಿತು.

ಎರಡು ವರ್ಷ ಕಳೆದ ಮೇಲೆ ಕಾಕಾ ಅವರ ಟೋಳಿಯಲ್ಲಿದ್ದ ಒಬ್ಬ ಹೋಟೆಲಿಗೆ ಅಕ್ಕಿ ಮೂಟೆ ಇಳಿಸಲು ಬಂದಾಗ ಸಿಕ್ಕಿದ. ಅರ್ಧ ಜನ ಊರಿಗೆ ಮರಳಿದ್ದಾರೆ, ಕಾಕಾ ಮಹಾಪೆಯಲ್ಲಿ ಕಟ್ಟಡದ ಕೆಲಸಕ್ಕೆ ಕಲ್ಲು ಹೊರುತ್ತಾರೆ, ಅಂಗೈ ಪೂರ್ತಿ ಮಡಚಲು ಬರುವುದಿಲ್ಲ ಎಂದ. ಕಂಬಳಿಯ ನೆನಪು ಮಾಡುತ್ತಿರುತ್ತಾರೆ ಎಂದೂ ಹೇಳಿದ. ಅವರವ್ವ ಆ ವರ್ಷ ತೀರಿಕೊಂಡಿದ್ದಳಂತೆ.

ಕಂಬಳಿಯನ್ನು ವಾಪಸು ಕೇಳಲು ಕಲ್ಯಾಣದ ಆಫೀಸಿಗೆ ಐದು ಸಲ ಹೋದೆ. ಕೇಸು ನಡೆಯುತ್ತಿದೆ, ಮುದ್ದೆಮಾಲು ಕೊಡಲಾಗುವುದಿಲ್ಲ ಎಂದರು. ಕೊನೆಗೆ ಕಂಪನಿ ದಂಡ ಕಟ್ಟಿ ಕೇಸು ಮುಗಿದ ಮೇಲೆ, ಹಳೆಯ ಇನ್ಸ್‌ಪೆಕ್ಟರರ ಜಾಗಕ್ಕೆ ಬಂದ ಹೊಸಬರು ಒಂದು ಅರ್ಜಿ ಬರೆಸಿಕೊಂಡು ಸಿಪಾಯಿಯನ್ನು ಒಳಗೆ ಕಳಿಸಿದರು. ಅವನು ಗೋಣಿಚೀಲವನ್ನು ತಂದು ಮೇಜಿನ ಮೇಲೆ ಕೊಡವಿದ. ಉಣ್ಣೆಯನ್ನು ಹುಳ ತಿಂದಿತ್ತು. ಮುಟ್ಟಿದಲ್ಲೆಲ್ಲ ಪುಡಿ, ನಡುನಡುವೆ ಜಾಳಿಗೆಯಂತೆ ನೂಲು. ಕೆಂಪು ಹೆಪ್ಪು ಮಾತ್ರ ಒಂದು ಚೂರೂ ಸವೆಯದೆ, ಎದೆ ಹೊಟ್ಟೆಯ ಆಕಾರದಲ್ಲಿ ಹಾಗೆಯೇ ಇತ್ತು. ಹುಳಗಳು ಅದನ್ನು ಮುಟ್ಟಿರಲಿಲ್ಲ.

ಹೆಪ್ಪನ್ನು ಬಿಡಿಸಿ ಕೊಡಬೇಕೆಂದು ಹೋಟೆಲಿನ ಹಿಂದೆ ಕೂತು ಒಂದಿಡೀ ಮಧ್ಯಾಹ್ನ ಪ್ರಯತ್ನಿಸಿದೆ. ಬಿಡಿಸಿದರೆ ಉಳಿದ ಉಣ್ಣೆಯೂ ಬರುತ್ತಿತ್ತು. ಕೊನೆಗೆ ಹೆಪ್ಪಿಲ್ಲದ ಒಂದು ಅಂಚನ್ನು, ಎರಡು ಮೊಳದಷ್ಟು, ಕತ್ತರಿಸಿ ಕೊಡವಿ ಬಿಸಿಲಿಗೆ ಹಾಕಿ, ಕಾಗದದಲ್ಲಿ ಸುತ್ತಿಕೊಂಡು ಮಹಾಪೆಗೆ ಹೋದೆ.

ಅರ್ಧ ಎದ್ದ ಕಟ್ಟಡದ ಬುಡದಲ್ಲಿ ಅವರು ಸಿಕ್ಕಿದರು. ತಲೆಗೆ ಸಿಮೆಂಟ್ ಚೀಲವನ್ನು ಮಡಚಿ ಇಟ್ಟುಕೊಂಡು, ಅದರ ಮೇಲೆ ಕಲ್ಲಿನ ಬುಟ್ಟಿ ಹೊತ್ತಿದ್ದರು. ಬುಟ್ಟಿ ಇಳಿಸಿ ಬಂದು ನನ್ನನ್ನು ನೋಡಿದರು. ಗುರುತು ಸಿಕ್ಕಿದೆ ಎಂಬುದು ಕಣ್ಣಲ್ಲಿ ಗೊತ್ತಾಯಿತು.

"ಕಾಕಾ, ಇಷ್ಟೇ ಉಳಿದದ್ದು," ಎಂದು ಪೊಟ್ಟಣ ಬಿಚ್ಚಿ ಹಿಡಿದೆ.

ಅವರು ಮಡಚಲಾಗದ ಬೆರಳುಗಳನ್ನು ನೂಲಿನ ಮೇಲೆ ಒಮ್ಮೆ ಆಡಿಸಿದರು. ಸ್ವಲ್ಪ ಪುಡಿ ಉದುರಿತು. ಆಮೇಲೆ ಕೈ ತೆಗೆದು, ಇಟ್ಟಿಗೆಯ ರಾಶಿಯನ್ನು ತೋರಿಸಿದರು.

"ಉಧರ್ ರಖ್ ದೋ, ಸಾಬ್," ಎಂದರು.

ಏಳೆಂಟು ವರ್ಷಗಳ ಪರಿಚಯದಲ್ಲಿ ಅವರು ನನ್ನೊಡನೆ ಹಿಂದಿಯಲ್ಲಿ ಮಾತಾಡಿದ್ದು ಅದೇ ಮೊದಲು. ನಾನು ತುಂಡನ್ನು ಇಟ್ಟಿಗೆಯ ಮೇಲೆ ಇಟ್ಟೆ. ಗಾಳಿಗೆ ಹಾರದಿರಲೆಂದು ಒಂದು ಇಟ್ಟಿಗೆಯನ್ನು ಅದರ ಮೇಲೆ ಹೇರಿ ತಿರುಗಿದಾಗ, ಅವರು ಬುಟ್ಟಿ ಹೊತ್ತು ಏಣಿಯ ಅರ್ಧ ದಾರಿಯಲ್ಲಿದ್ದರು.